ಕೆಂಪು ದಾರದ ತುದಿ

ಡಾಕ್ಟರಮ್ಮನ ಕೋಟಿನ ತೋಳಿನಿಂದ ಒಂದು ಬಿಳಿ ನೂಲು ಇಳಿಬಿದ್ದಿದೆ, ಅಂಚು ಹೊಲಿದವರು ಗಂಟು ಹಾಕದೆ ಬಿಟ್ಟಿದ್ದಾರೆ, ದರ್ಜಿಯವಳ ಬೆರಳು ತಾನಾಗಿಯೇ ಕತ್ತರಿ ಹುಡುಕುತ್ತದೆ — ಛೆ, ಈಗಲೂ ನೂಲೇ ಕಾಣಬೇಕೆ, ಸ್ಟೀಲ್ ಮೇಜಿನ ಮೇಲೆ ಮನೆಯ ನಾಯಿ ಬಾಬಿನ್ ಬೆನ್ನು ಗೂನು ಮಾಡಿಕೊಂಡು ಜೊಲ್ಲು ಸುರಿಸುತ್ತ ನಿಂತಿರುವಾಗ. ಎಷ್ಟು ದಿನದಿಂದ ವಾಂತಿ? ಮೂರು ದಿನ ಆಯ್ತು ಡಾಕ್ಟರೇ, ಅತ್ತೆ ಹೇಳುತ್ತಿದ್ದಾರೆ, ಮೊದಲು ತಿಂದಿದ್ದು, ಆಮೇಲೆ ಬರೀ ಹಳದಿ ನೊರೆ, ನೀರು ಕುಡಿದ್ರೂ ನಿಲ್ತಿಲ್ಲ. ಅತ್ತೆಯ ಕಣ್ಣಿಗೆ ಮೊದಲ ದಿನವೇ ಬಿದ್ದಿತ್ತು, ನೋಡೇ, ತುಟಿ ನೆಕ್ತಾನೇ ಇದಾನೆ, ಹೊಟ್ಟೆ ಮುಟ್ಟೋಕೆ ಬಿಡಲ್ಲ, ಹೊರಗೆ ಹೋಗಿ ಬರೀ ತಿಣುಕಿ ತಿಣುಕಿ ವಾಪಸ್ ಬರ್ತಾನೆ. ಅವಳು ಪೆಡಲಿನಿಂದ ಕಾಲು ತೆಗೆಯದೆ, ಹುಲ್ಲು ತಿಂದಿರ್ತಾನೆ ಬಿಡಿ ಅತ್ತೆ, ನಿಮ್ಮ ಹಾಲು ಬ್ರೆಡ್ಡಿನ ಉಪಚಾರ ಜಾಸ್ತಿ ಆಯ್ತು ಅಷ್ಟೆ. ನಲವತ್ತು ಶಾಲಾ ಅಂಗಿ, ಪ್ರತಿ ಕಾಲರಿಗೂ ಕೆಂಪು ಹೊಲಿಗೆ, ತಲೆ ಎತ್ತಲು ಪುರುಸೊತ್ತೆಲ್ಲಿ, ತುಂಡು ದಾರವೆಲ್ಲ ಮಿಷಿನ್ನಿನ ಕೆಳಗೆ ಬೀಳುತ್ತಿತ್ತು, ಅವನು ಮಲಗುವುದೂ ಅಲ್ಲೇ. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ನಿಂತಾಗ, ಆಟಕ್ಕೆ ಕರೀತಿದಾನೆ ನೋಡಿ ಅಂತ ನಕ್ಕಳಲ್ಲ, ನೋವು ತಡೆಯಲಾರದೆ ನಿಂತ ಜೀವ ಅದು, ಅವಳ ಬಾಯಿಗೆ ಮಣ್ಣು ಬೀಳ.

ಡಾಕ್ಟರಮ್ಮ ಹೊಟ್ಟೆ ಅದುಮುತ್ತಾರೆ, ಬಾಬಿನ್ ಕುಂಯ್ ಎನ್ನುತ್ತಾನೆ, ಅದೇ ದನಿ, ನಿನ್ನೆ ಬೆಳಿಗ್ಗೆ ಹಿತ್ತಲಲ್ಲಿ, ಕೆಂಪು ತುದಿ — ಬೇಡ, ಅದು ಬೇಡ. ಕರುಳು ನೆರಿಗೆ ಹಿಡಿದ ಹಾಗಿದೆ, ದಾರ ಗೀರ ನುಂಗಿದಾನಾ, ಬಾಯಲ್ಲೋ ಹಿಂದೆಯೋ ತುದಿ ಕಂಡಿತ್ತಾ? ನೆರಿಗೆ, ದಾರದ ತುದಿ ಹಿಡಿದು ಎಳೆದರೆ ಬಟ್ಟೆ ಹೇಗೆ ಸುಕ್ಕುಗಟ್ಟಿ ಕೂಡಿಕೊಳ್ಳುತ್ತದೆಂದು ಅವಳಿಗೆ ಹೇಳಿಕೊಡಬೇಕೆ, ಇಪ್ಪತ್ತು ವರ್ಷದಿಂದ ಫ್ರಾಕುಗಳಿಗೆ ಮಾಡಿದ್ದು ಅದನ್ನೇ. ನನಗಂತೂ ಕಾಣಲಿಲ್ಲಪ್ಪ, ನೀನು ನೋಡಿದೆಯೇನೆ, ಅತ್ತೆ ತಿರುಗುತ್ತಾರೆ, ಅಂಗೈಯಷ್ಟಿದ್ದ ಮರಿಗೆ ಬಾಟಲಿ ಹಿಡಿದು ಸಾಕಿದ ಅತ್ತೆ. ಇಲ್ಲ ಅಂದುಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಇಲ್ಲ ಅಂದರೆ ಒಂದು ಸಿರಪ್ಪು ಕೊಟ್ಟು ನಾಳೆ ನೋಡೋಣ ಅಂದುಬಿಟ್ಟರೆ, ನಾಳೆ ಅನ್ನುವುದು ಇವನಿಗೆ ಇದೆಯೇ — ಕಂಡಿತ್ತು. ಅವಳದೇ ದನಿ. ಹಿಂದೆ, ಕೆಂಪು ದಾರ, ನಾನು ಎಳೆದೆ. ಡಾಕ್ಟರಮ್ಮನ ಕೈ ನಿಂತಿತು, ಎಳೀಬಾರದಿತ್ತು ಅಮ್ಮ, ಒಳಗೆ ಕರುಳು ಕೊಯ್ದಿರಬಹುದು, ಈಗ್ಲೇ ಆಪರೇಷನ್ ಮಾಡ್ಬೇಕು. ಅತ್ತೆ ಬೈದಿದ್ದರೆ ಎಷ್ಟೋ ವಾಸಿಯಿತ್ತು, ಅವನ ಕೊರಳಪಟ್ಟಿ ಬಿಚ್ಚಿ ಅವಳ ಕೈಯಲ್ಲಿಟ್ಟರು, ಇನ್ನೂ ಬಿಸಿಯಾಗಿದೆ, ಅವನನ್ನು ಎತ್ತಿಕೊಂಡು ಹೋದರು, ಒಳಬಾಗಿಲು ಮುಚ್ಚಿಕೊಂಡಿತು. ಇಳಿಬಿದ್ದ ನೂಲು ಕಂಡರೆ ಎಳೆಯುವುದು, ಬಾರದಿದ್ದರೆ ಕತ್ತರಿಸುವುದು, ಕೈಗೆ ಯೋಚನೆಯೇ ಬೇಕಿಲ್ಲ, ನಿನ್ನೆ ಹಿತ್ತಲಲ್ಲೂ ಕತ್ತರಿ ಅವಳ ಕೊರಳಲ್ಲೇ ನೇತಾಡುತ್ತಿತ್ತು, ಎಳೆದಳು, ಗೇಣುದ್ದ ಬಂತು, ಆಮೇಲೆ ಬಿಗಿಯಾಯಿತು, ಅವನು ಕುಂಯ್ ಎಂದು ತಿರುಗಿ ಅವಳ ಕೈ ನೆಕ್ಕಿದ, ಎಳೆಯುತ್ತಿದ್ದ ಅದೇ ಕೈಯನ್ನು, ಅವಳು ಕತ್ತರಿಸಿದಳು, ತುದಿ ಒಳಗೆ ಸರಿಯಿತು, ಕೆಂಪು ತುದಿ, ಒಳಗೆ ಸರಿದ ಕೆಂಪು ತುದಿ