ರಿಮೋಟಿನ ಹಣೆ

ಹೊಸದುರ್ಗಕ್ಕೆಲ್ಲ ಮೊದಲ ಹೋಮ್ ಥಿಯೇಟರ್ ತನ್ನದೇ ಎಂದು ನಮ್ಮ ಪಕ್ಕದ ಮನೆಯ ಮಂಜಣ್ಣ ಹೇಳಿಕೊಳ್ಳುತ್ತಾನೆ. ಅಲ್ಲವೆಂದು ಯಾರೂ ವಾದಿಸುವುದಿಲ್ಲ. ವಾದಿಸಿದವರನ್ನು ಕೂರಿಸಿ ಇಡೀ ಸಿನಿಮಾ ತೋರಿಸುತ್ತಾನೆ. ದೀಪ, ಟಿವಿ, ಸ್ಪೀಕರು ಎಲ್ಲಕ್ಕೂ ಒಂದೇ ರಿಮೋಟು, ಪ್ರೋಗ್ರಾಂ ಅವನದೇ. ಒಂದು ಗುಂಡಿ ಒತ್ತಿದರೆ ದೀಪ ಆರಬೇಕು, ಟಿವಿ ಬೆಳಗಬೇಕು, ಸ್ಪೀಕರು ಗುಡುಗಬೇಕು. ಇನ್ನು ಹಳೆಯ ರಿಮೋಟುಗಳೇಕೆಂದು ಅವನ್ನೆಲ್ಲ ಗುಜರಿಯವನಿಗೆ ಕೊಟ್ಟು ಒಂದು ಪ್ಲಾಸ್ಟಿಕ್ ಮೊರ ತಂದ. ಟಿವಿಯನ್ನೋ, ಹಿಂಬದಿಯ ಗುಂಡಿಗೆ ಇರುವೆಯೂ ತಲುಪದಂತೆ ಗೋಡೆಗೆ ಅಂಟಿಸಿದ.

ವಿಜಯದಶಮಿಯ ದಿನ ರಿಮೋಟು ಕೈಕೊಟ್ಟಿತು.

ಬೇರೆ ದಿನವಾಗಿದ್ದರೆ ಬೀದಿಗೆ ಒಂದಿಷ್ಟು ನೆಮ್ಮದಿ ಸಿಗುತ್ತಿತ್ತು. ಆದರೆ ಅಂದು ಸಂಜೆ ಅವನ ಮಗಳು ಕೀರ್ತನಾ ಆಡುವ ಖೋ-ಖೋ ಫೈನಲ್ ಟಿವಿಯಲ್ಲಿ ಬರುವುದಿತ್ತು. ಮಂಜಣ್ಣನ ತಾಯಿ ಗಂಗಕ್ಕ ಮಧ್ಯಾಹ್ನವೇ ತಲೆ ಬಾಚಿ, ಹೊಸ ಸೀರೆಯುಟ್ಟು ಟಿವಿ ಮುಂದೆ ಕೂತಿದ್ದಳು. ತಮ್ಮ ಹಳ್ಳಿ ಬಾಗೂರಿನಲ್ಲಿ ಕುರಿಮರಿಗಳ ಹಿಂದೆ ಓಡಿಸಿ ಓಡಿಸಿ ಮೊಮ್ಮಗಳ ಕಾಲು ಪಳಗಿಸಿದವಳು ಅವಳೇ. ಈಗ ಎರಡೂ ಕಣ್ಣಿಗೆ ಪೊರೆ. ಫೋನಿನಲ್ಲಿ ಏನೂ ಕಾಣದು. ಆ ದೊಡ್ಡ ಪರದೆಯ ಹತ್ತಿರ ಕೂತರಷ್ಟೇ ಮನುಷ್ಯರು ಮನುಷ್ಯರಂತೆ ಕಾಣುತ್ತಾರೆ.

ನಾನು ಹೋದಾಗ ಮಂಜಣ್ಣ ರಿಮೋಟನ್ನು ಮೊಣಕಾಲಿಗೆ ಬಡಿಯುತ್ತಿದ್ದ. ಸೆಲ್ಲುಗಳನ್ನು ಕಚ್ಚಿ, ಬಿಸಿಲಿಗಿಟ್ಟು, ಕೊನೆಗೆ ಹೊಸವನ್ನೂ ಹಾಕಿ ಆಗಿತ್ತು. ಹಿರಿಯೂರಿನಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿರುವ ಶಿವು ಫೋನಿನಲ್ಲಿದ್ದ.

“ಸಾಫ್ಟ್‌ವೇರ್ ಹೋಗೈತಣ್ಣ. ಹೊಸ ಪೀಸೇ ತರ್ಸಬೇಕು. ಒಂದು ವಾರ ಆಗ್ತೈತೆ.”

“ಲೇ, ಒತ್ತಿದ್ರೆ ರಿಮೋಟಿನ ಪುಟ್ಟ ಸ್ಕ್ರೀನ್ ಬೆಳಗ್ತೈತೆ ಕಣೋ!”

“ಅದೇ ನೋಡು. ಜೀವ ಐತೆ, ಬುದ್ಧಿ ಇಲ್ಲ.”

“ಪ್ರೋಗ್ರಾಂ ಹಾಕಿದ್ದು ನಾನು!”

“ಅದ್ಕೇ ಹೇಳಿದ್ದು.”

ಮಂಜಣ್ಣ ಫೋನಿಟ್ಟು ಪ್ರೋಗ್ರಾಂ ಅಳಿಸಿ ಮತ್ತೆ ಹಾಕತೊಡಗಿದ.

“ಶುರುವಾಯ್ತೇನೋ?” ಗಂಗಕ್ಕ ಕೇಳಿದಳು.

“ಇನ್ನೂ ಇಲ್ಲವ್ವ.” ಆಗಲೇ ಶುರುವಾಗಿತ್ತು.

“ನಿನ್ನೆ ನಾನೇ ಪೂಜೆ ಮಾಡೀನಲ್ಲೋ. ನನ್ನ ಕೈಯಾಗೆ ಏನಾದ್ರೂ ಎಡವಟ್ಟಾಯ್ತೋ ಏನೋ.” ಅವಳ ದನಿ ಸಣ್ಣಗಾಯಿತು.

ಹಿಂದಿನ ದಿನ ಆಯುಧಪೂಜೆ. ಗಂಗಕ್ಕ ಮಿಕ್ಸಿ, ಬೈಕು, ಉಣ್ಣೆ ಕತ್ತರಿಸುವ ಕತ್ತರಿ, ಎಲ್ಲವನ್ನೂ ಕೈಯಿಂದ ತಡವಿ, ಪ್ರತಿಯೊಂದರ ಹಣೆ ಹುಡುಕಿ, ಗಂಧ ಮೆತ್ತಿ ಕುಂಕುಮ ಇಟ್ಟಿದ್ದಳು. ರಿಮೋಟಿಗೂ ಹಣೆಯಿದೆ: ಟಿವಿಗೆ ಎದುರಾಗುವ ತುದಿಯ ಕಪ್ಪು ಗಾಜು. ರಿಮೋಟು ತನ್ನ ಮಾತು ಕಳಿಸುವುದು ಅದೇ ಗಾಜಿನಿಂದ. ಅಲ್ಲೀಗ ಗಂಧ ಒಣಗಿ ಗಾರೆಯಂತೆ ಕೂತಿತ್ತು. ಬೆಳಗಿನಿಂದ ಎಲ್ಲರೂ ಅದನ್ನು ನೋಡಿದ್ದರು. ಆದರೆ ಪೂಜೆಯ ಬೊಟ್ಟಿನಲ್ಲಿ ದೋಷ ಹುಡುಕುವವರು ಯಾರು? ನಾನೂ ಹುಡುಕಲಿಲ್ಲ.

ಒಲೆ ಆರಿಸಿ ಬಂದ ಸೊಸೆ ನೇತ್ರಾವತಿ ಗಂಡನ ಕೈಯಿಂದ ರಿಮೋಟು ತೆಗೆದುಕೊಂಡಳು. ಅದರ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಸೆರಗಿನಲ್ಲಿ ರಿಮೋಟು ಹಿಡಿದು, ಕಣ್ಣು ಮುಚ್ಚಿ ಹಣೆಗೊತ್ತಿಕೊಂಡು ನಿಂತಳು. ಭಕ್ತಿ ಸ್ವಲ್ಪ ದೀರ್ಘವೇ ಆಯಿತು. ಸೆರಗಿನೊಳಗೆ ಹೆಬ್ಬೆರಳು ಒಂದೇ ಸಮನೆ ಉಜ್ಜುತ್ತಿತ್ತು.

“ಅತ್ತೆ, ಪೂಜೆ ಮಾಡಿದೋರು ನೀವು. ನೀವೇ ಒತ್ರಿ.”

ಗಂಗಕ್ಕ ಮನೆದೇವರನ್ನು ನೆನೆದು ಒತ್ತಿದಳು. ದೀಪ ಆರಿತು. ಟಿವಿ ಬೆಳಗಿತು. ಸ್ಪೀಕರು ಗುಡುಗಿದ್ದಕ್ಕೆ ನಮ್ಮನೆ ಪಾತ್ರೆಗಳು ಎಂದಿನಂತೆ ನಡುಗಿದವು.

“ನೋಡಿದ್ರಾ? ಪ್ರೋಗ್ರಾಂ ಮತ್ತೆ ಹಾಕಿದ್ನಲ್ಲ!” ಮಂಜಣ್ಣ ಎದೆಯುಬ್ಬಿಸಿ, ಶಿವುಗೆ ಪಾಠ ಹೇಳಲು ಫೋನು ಹಿಡಿದು ಹೊರಗೆ ಹೋದ.

ಗಂಗಕ್ಕನ ಮೂಗು ಪರದೆಗೆ ತಾಗುವಂತಿತ್ತು. “ಅಕಾ ಅಲ್ಲಿ, ನಮ್ಮ ಕೂಸು! ಓಡಲೇ, ಬಗ್ಗು, ಬಗ್ಗು... ಥೇಟ್ ನಮ್ಮ ಕರಿ ಮರಿ ಹಂಗೇ ತಪ್ಪಿಸ್ಕಂತಾಳೆ ನೋಡ್ರಿ!”

ಪಂದ್ಯ ಸೋತರು. ಅದು ಗಂಗಕ್ಕನಿಗೆ ಲೆಕ್ಕಕ್ಕೇ ಬರಲಿಲ್ಲ. ಕಣ್ಣೊರೆಸಿಕೊಂಡು ಕುಂಕುಮದ ಬಟ್ಟಲಿಗೆ ಕೈ ಚಾಚಿದಳು.

“ತಾರೇ ನೇತ್ರಾ. ಮರ್ಯಾದೆ ಉಳಿಸೈತೆ, ಇನ್ನೊಂದು ಬೊಟ್ಟಿಡ್ತೀನಿ.”

ನೇತ್ರಾವತಿ ಕೆಂಪಾದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ರಿಮೋಟನ್ನು ಬೋರಲು ಹಿಡಿದಳು.

“ಈ ಸಲ ಬೆನ್ನಿಗೆ ಇಡ್ರಿ ಅತ್ತೆ. ಹಣೆಗಿಟ್ರೆ ಬೀದಿಯೋರ ದೃಷ್ಟಿ ತಾಗ್ತೈತೆ.”