ಸೊನ್ನೆಗೆ ಉಳಿಯದ ಮನೆ

ನಾನು ಒಂದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸರ. ಸಿ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮಿನೊಳಗೆ, ಮನುಷ್ಯರ ಹೆಸರು ಹೊರಲೆಂದು ಹುಟ್ಟಿದವನು. ನನ್ನನ್ನು ಹುಟ್ಟಿಸಿದವರು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಮಹಾನಂದಾ ಮೇಡಂ. ಊರಿನ ಧರ್ಮಾಸ್ಪತ್ರೆಗೆ ರಕ್ತದಾನಿಗಳ ಪಟ್ಟಿ ಬೇಕಾಗಿತ್ತು. ಒಂದು ಸೋಮವಾರ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕುಳಿತ ಮೇಡಂ, ಅಕ್ಷರಕ್ಕೊಂದರಂತೆ ಇಪ್ಪತ್ತು ಮನೆಗಳ ಸಾಲನ್ನು ನನಗೆ ಬರೆದುಕೊಟ್ಟರು. ನನ್ನ ಗೋಡೆಗೆ ಗೋಡೆ ಹಚ್ಚಿ ರಕ್ತದ ಗುಂಪಿನ ಪುಟ್ಟ ಸಾಲು.

ನಮ್ಮ ಕುಲಕ್ಕೊಂದು ಕಟ್ಟಳೆಯಿದೆ. ಹೆಸರಿನ ಕೊನೆಯ ಅಕ್ಷರದ ಆಚೆ ಒಂದು ಸೊನ್ನೆ ಕೂರಬೇಕು. ಕಣ್ಣಿಗೆ ಕಾಣದ ಆ ಸೊನ್ನೆಯೇ ‘ಇಲ್ಲಿಗೆ ಸಾಕು’ ಎಂದು ನನಗೆ ಹೇಳುವುದು. ಹಾಗಾಗಿ ನನ್ನಲ್ಲಿ ಹತ್ತೊಂಬತ್ತು ಅಕ್ಷರಕ್ಕಷ್ಟೇ ಇಂಬು. ಇದನ್ನು ವರ್ಷ ವರ್ಷ ಪಾಠ ಹೇಳಿದವರೇ ಮೇಡಂ. ಆದರೂ ಅವಸರದಲ್ಲಿ, ಹೆಸರು ಇಪ್ಪತ್ತಕ್ಕಿಂತ ಉದ್ದವಿದ್ದರೆ ಮಾತ್ರ ತಡೆ ಎಂದು ಬಾಗಿಲಲ್ಲಿ ಅಪ್ಪಣೆ ಬರೆದಿಟ್ಟರು.

ಲ್ಯಾಬಿನ ದಾವಲಸಾಬರು ಪಟ್ಟಿ ತುಂಬುತ್ತಿದ್ದರು. ಪರೀಕ್ಷೆ ಮಾಡಿದ ಕೈಯಲ್ಲೇ ಮೊದಲು ಗುಂಪು, ಆಮೇಲೆ ಹೆಸರು. ಅದು ಅವರ ರೂಢಿ. ಒಂದು ದಿನ ಶಿವಲಿಂಗಪ್ಪ ಕಮ್ಮಾರ ರಕ್ತ ಕೊಡಲು ಬಂದ. ಊರಿಗೇ ಅಪರೂಪದ ಓ ನೆಗೆಟಿವ್. ಇಂಗ್ಲಿಷಿನಲ್ಲಿ ಬರೆದರೆ ಅವನ ಹೆಸರು, ನಡುವಿನ ಬಿಡುವೂ ಸೇರಿ, ಸರಿಯಾಗಿ ಇಪ್ಪತ್ತು. ನನ್ನ ಮನೆಗಳೆಲ್ಲ ತುಂಬಿದವು. ಜಾಗ ಸಿಗದ ಸೊನ್ನೆ ಪಕ್ಕದ ಸಾಲಿನ ಮೊದಲ ಮನೆಗೆ ಹೋಗಿ, ಅಲ್ಲಿದ್ದ ಅಕ್ಷರವನ್ನು ಅಳಿಸಿ ಕುಳಿತಿತು. ಅವನ ಗುಂಪು ಬರಿದಾಯಿತು. ಕೂಗಿ ಹೇಳಲು ನನಗೆ ಬಾಯಿಲ್ಲ.

ಮೂರು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಹೆರಿಗೆಯಾದ ರೇಣವ್ವನಿಗೆ ರಕ್ತ ನಿಲ್ಲಲಿಲ್ಲ. ಅವಳದೂ ಅದೇ ಅಪರೂಪದ ಗುಂಪು. ದಾವಲಸಾಬರು ಪಟ್ಟಿಯಲ್ಲಿ ಓ ನೆಗೆಟಿವ್ ಹುಡುಕಿದರು. ಒಬ್ಬರೂ ಇಲ್ಲವೆಂದು ಪ್ರೋಗ್ರಾಂ ಹೇಳಿತು. ಅಷ್ಟು ಜನರಲ್ಲಿ ಯಾರದು ಯಾವ ಗುಂಪೆಂದು ಅವರಿಗೆ ನೆನಪಿರಲಿಲ್ಲ; ಮತ್ತೊಮ್ಮೆ ಹುಡುಕಿದರು. ಕೊನೆಗೆ ಅವಳನ್ನು ಗಾಡಿಯಲ್ಲಿ ಹುಬ್ಬಳ್ಳಿಗೆ ಕಳಿಸಿದರು. ರೇಣವ್ವ ದಾರಿಯಲ್ಲೇ ತೀರಿಕೊಂಡಳು.

ಮರುದಿನ ಶಿವಲಿಂಗಪ್ಪ ಕೈಯ ಮಸಿಯನ್ನೂ ತೊಳೆಯದೆ ಬಂದು ನಿಂತ.

“ಸಾಬ್ರ, ಆಸ್ಪತ್ರಿ ಗ್ವಾಡಿ ಹಿಂದ ನನ್ನ ಕುಲುಮಿ ಐತಿ. ಇಲ್ಲಿಂದ ಒದರಿದ್ರೂ ಕೇಳತಿತ್ತು. ಯಾಕ ಕರೀಲಿಲ್ಲ?”

ದಾವಲಸಾಬರು ಅವನ ಹೆಸರು ತೆಗೆದರು. ಹೆಸರು ನೆಟ್ಟಗಿತ್ತು, ಅದರ ಮುಂದೆ ಬಯಲು. ಮೇಡಂ ಅವರನ್ನು ಕರೆಸಿದರು. ಅವರು ನನ್ನನ್ನು ತೆರೆದು, ಬೆರಳ ಗೆಣ್ಣಿನ ಮೇಲೆ ಆ ಹೆಸರಿನ ಅಕ್ಷರ ಎಣಿಸಿದರು. ಇಪ್ಪತ್ತನ್ನು ಇಪ್ಪತ್ತೊಂದು ಮಾಡಿ ಎದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಕಮ್ಮಾರನ ಕಡೆ ತಿರುಗಿದರು.

“ತಪ್ಪು ನಂದು, ಶಿವಲಿಂಗಪ್ಪಣ್ಣ. ಒಂದು ಮನಿ ಕಡಿಮಿ ಕಟ್ಟಿದ್ದೆ,” ಎಂದು ಎಲ್ಲವನ್ನೂ ಬಿಡಿಸಿ ಹೇಳಿದರು.

“ಈಗ ಒಂದು ಹೆಚ್ಚಿಗಿ ಮಾಡಿದ್ರ ಸರಿ ಹೋಗತೈತೇನ್ರಿ?”

“ಹೋಗ್ತದ.”

“ಇಷ್ಟ ಏನ್ರಿ ಅಕ್ಕಾರ, ಇದು?”

ಮೇಡಂ ಇಪ್ಪತ್ತನ್ನು ಅಳಿಸಿ ಇಪ್ಪತ್ತೊಂದು ಬರೆದರು.

ಈಗ ಆಸ್ಪತ್ರೆಗೆ ಬೇರೆ ಪ್ರೋಗ್ರಾಂ ಬಂದಿದೆ. ತಿದ್ದದ ನನ್ನ ಮೊದಲ ಪ್ರತಿಯನ್ನು ಮೇಡಂ ತಮ್ಮ ಹಳೆಯ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಉಳಿಸಿಕೊಂಡಿದ್ದಾರೆ. ಸ್ಟ್ರಿಂಗ್ ಪಾಠದ ದಿನ ನನ್ನನ್ನು ತರಗತಿಯಲ್ಲಿ ತೆರೆಯುತ್ತಾರೆ. ಒಂದು ಮನೆ ಕಡಿಮೆಯಾದರೆ ಏನಾಯಿತು ಎಂಬಂತೆ ಕೆಲವರು ನಗುತ್ತಾರೆ. ಮೇಡಂ ಬಯ್ಯುವುದಿಲ್ಲ. ನನ್ನೊಳಗೆ ರೇಣವ್ವನ ಹೆಸರನ್ನು ನಿಧಾನವಾಗಿ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಏಳೇ ಅಕ್ಷರ. ಸೊನ್ನೆ ಕುಳಿತ ಮೇಲೂ, ಶಿವನೇ, ನನ್ನಲ್ಲಿ ಹನ್ನೆರಡು ಮನೆ ಖಾಲಿ.