ಒಂದೇ ಪದದ ಉತ್ತರ

ಸಹಾಯಕ ಲೋಕೋ ಪೈಲಟ್ ಆದ ಭಾನುಪ್ರಿಯಾಳಿಗೆ ಮೊದಲ ಸಲ ಹುಟ್ಟೂರಿನ ಮೇಲೆ ಹೋಗುವ ರೈಲು ಸಿಕ್ಕಿತ್ತು. ಖುಷಿ ತಡೆಯಲಾರದೆ ಅಪ್ಪ ರಾಮಾಂಜಿನಪ್ಪನಿಗೆ ವಾಟ್ಸಾಪ್ ಮಾಡಿದಳು: "ಅಪ್ಪಾ, ನಾಳೆ ಹತ್ತೂವರೆಗೆ ತೊಂಡೇಬಾವಿಗೆ ನನ್ನ ರೈಲು ಬರ್ತಿದೇಏಏಏ!!!"

ಉತ್ತರ ಬಂತು: "ಸರಿ."

ಅವಳ ಮುಖ ಬಾಡಿತು. ಟೀಚರ್ ಕೆಲಸ ಬೇಡವೆಂದು ರೈಲ್ವೆ ಸೇರಿದ್ದಕ್ಕೆ ಅಪ್ಪನಿಗೆ ಇನ್ನೂ ಸಿಟ್ಟಿದೆ ಎಂದುಕೊಂಡಳು. ಕೊನೆಯ ಆ ಚುಕ್ಕೆಯಂತೂ ಬಾಗಿಲು ಹಾಕಿಕೊಂಡಂತೆ ಕಂಡಿತು.

ಮರುದಿನ ರೈಲು ತೊಂಡೇಬಾವಿ ತಲುಪಿದಾಗ ಪ್ಲಾಟ್‌ಫಾರಂ ತುಂಬ ಜನ. ಎಲ್ಲರಿಗಿಂತ ಮುಂದೆ ನಿಂತಿದ್ದ ಅಪ್ಪ ಟವೆಲ್ ಬೀಸುತ್ತ, "ನಮ್ಮ ಪಾಪ ಕಣ್ರೋ! ರೈಲು ಓಡಿಸ್ತಾವಳೆ ನೋಡ್ರೋ!" ಎಂದು ಎಂಜಿನ್ನಿನ ಸದ್ದನ್ನೂ ಮೀರಿ ಕೂಗುತ್ತಿದ್ದ.

ರೈಲು ನಿಂತಿತು. ಭಾನುಪ್ರಿಯಾ ಕಿಟಕಿಯಿಂದ ಬಗ್ಗಿ, "ನಿನ್ನೆ ಬರೀ ಸರಿ ಅಂತ ಹಾಕಿದ್ಯಲ್ಲಪ್ಪಾ, ಕೋಪ ಅಂದ್ಕೊಂಡೆ!" ಎಂದಳು.

"ಕೋಪಾನಾ? ಆ ಫೋನಲ್ಲಿ ಕೂಗೋದು ಹೆಂಗೆ ಅಂತ ನಂಗೇನು ಗೊತ್ತಮ್ಮಾ? ಅದ್ಕೇ ಊರೆಲ್ಲ ತಿರುಗಿ ಬಾಯಲ್ಲೇ ಹೇಳ್ಬಂದೆ!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸಿಗ್ನಲ್ ಹಸಿರಾಗಿ ರೈಲು ಹೊರಟರೂ ಅಪ್ಪ ಕೂಗುವುದನ್ನು ನಿಲ್ಲಿಸಲಿಲ್ಲ. ಪ್ಲಾಟ್‌ಫಾರಂ ಮುಗಿಯುವವರೆಗೂ ಪಕ್ಕದಲ್ಲೇ ಓಡಿಬಂದ.